ಇಂಜೆಕ್ಷನ್ ಇಲ್ಲದ ಗುಂಪಿನವಳು

ನಾನು ಸುಮಿತ್ರಾ, ಸರ್ಕಾರಿ ಬಸ್ಸಿನ ಕಂಡಕ್ಟರ್. ಹಾಸನದಿಂದ ಅರಕಲಗೂಡು, ಅಲ್ಲಿಂದ ಮಲ್ಲಿಪಟ್ಟಣ, ಮತ್ತೆ ವಾಪಸ್. ಈ ದಾರಿಯಲ್ಲಿ ಓಡಾಡುವವರಲ್ಲಿ ನನ್ನ ಹೆಸರು ಗೊತ್ತಿಲ್ಲದವರೇ ಹೆಚ್ಚು, ನನ್ನ ಬಾಯಿ ಗೊತ್ತಿಲ್ಲದವರು ಕಡಿಮೆ. ಬಾಗಿಲಲ್ಲಿ ನೇತಾಡುವವರನ್ನು ಒಳಗೆ ತಳ್ಳುವುದು, ಹೆಂಗಸರ ಸೀಟಿನಲ್ಲಿ ಕೂತು ನಿದ್ದೆ ನಟಿಸುವ ಗಂಡಸರನ್ನು ಎಬ್ಬಿಸುವುದು, ಎಲ್ಲವೂ ಬಾಯಿಂದಲೇ ಆಗಬೇಕು.

ಕಾಯಿಲೆಯಿಂದ ಎದ್ದು ಬಂದವರು ಬರೆದದ್ದನ್ನು ನಾನೂ ಓದಿದ್ದೇನೆ. ಬಹಳ ಜನ ಕೊನೆಗೆ ಮೆತ್ತಗಾಗಿಬಿಡುತ್ತಾರೆ, ಎಲ್ಲವನ್ನೂ ಕ್ಷಮಿಸಿಬಿಡುತ್ತಾರೆ. ನಾನು ಮೆತ್ತಗಾಗಿಲ್ಲ. ಸಿಟ್ಟು ಇನ್ನೂ ಇದೆ, ಅದರ ಜೊತೆಗೇ ಬರೆಯುತ್ತಿದ್ದೇನೆ. ನನ್ನ ಹಾಗೆ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಮನೆಯವರಿಗೆಲ್ಲ ಎದುರಾಗಿ ಒಂದು ತೀರ್ಮಾನ ತೆಗೆದುಕೊಂಡು, ಆಮೇಲೆ ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಒಳಗೊಳಗೇ ಕೊರಗಿದವರು ಇನ್ನೂ ಇರಬಹುದು. ಅವರು ಇದನ್ನು ಓದಲಿ.

ಕೊರೋನಾದ ಎರಡನೆಯ ಅಲೆ ಏರುತ್ತಿದ್ದ ಸಮಯ. ಬಸ್ಸುಗಳು ನಿಲ್ಲುತ್ತವಂತೆ, ಇಲ್ಲವಂತೆ ಎಂದು ಡಿಪೋದಲ್ಲಿ ಮಾತು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಹಾಸನದ ಸ್ಟ್ಯಾಂಡಿನಲ್ಲಿ ನಿಂತು ಅರಕಲಗೂಡು ಎಂದು ಕೂಗಲು ಹೋದರೆ ಊರಿನ ಹೆಸರು ಅರ್ಧಕ್ಕೇ ನಿಂತಿತು. ಉಸಿರೆಳೆದುಕೊಂಡು ಉಳಿದರ್ಧ ಹೇಳಿದೆ. ನಮ್ಮ ಡ್ರೈವರ್ ತಿಮ್ಮಣ್ಣ ನಗಾಡಿದ.

"ಏನಮ್ಮೋ, ಅರಕಲು ಒಂದ್ಕಿತ, ಗೂಡು ಒಂದ್ಕಿತ! ಎರಡೂರು ಮಾಡ್ಬುಟ್ಟಲ್ಲ."

ನಾನೂ ನಕ್ಕೆ. ಸಂಜೆಗೆ ಜ್ವರ ಬಂತು.

ನಮ್ಮ ಮನೆ ಹೊಳೆನರಸೀಪುರದಲ್ಲಿ. ಗಂಡ ಮಂಜುನಾಥ ಡೈರಿಯ ಹಾಲಿನ ವ್ಯಾನು ಓಡಿಸುತ್ತಾರೆ. ಅತ್ತೆ ಕಾಳಮ್ಮ ನಮ್ಮ ಜೊತೆಗಿದ್ದಾರೆ. ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಬಂದ ದಿನ ಪಕ್ಕದ ಮನೆಯವರು ನಮ್ಮ ಕಡೆಯ ಕಿಟಕಿ ಮುಚ್ಚಿದರು. ಆ ಕಿಟಕಿಯಿಂದ ವರ್ಷಗಟ್ಟಲೆ ಒಗ್ಗರಣೆಯ ವಾಸನೆ, ಸೀರಿಯಲ್ಲಿನ ಮಾತು, ಅವರ ಜಗಳ ಎಲ್ಲ ನಮ್ಮ ಮನೆಗೆ ಬರುತ್ತಿದ್ದವು. ಅದು ಮುಚ್ಚಿಕೊಂಡಾಗಲೇ ಇದು ಬರೀ ಜ್ವರವಲ್ಲ ಎಂದು ನನಗೆ ಹೆದರಿಕೆ ಹುಟ್ಟಿದ್ದು.

ಅತ್ತೆ ಮಾತ್ರ ನನ್ನ ಕೋಣೆಯ ಬಾಗಿಲಾಚೆ ಗೋಡೆಗೆ ಒರಗಿ ಕೂತುಬಿಟ್ಟರು. "ದೂರ ಇರಿ ಅತ್ತೆ" ಎಂದರೆ, "ದೂರ್ದಲ್ಲೇ ಇವ್ನಿ ಕಣವ್ವ, ನಡುವೆ ಬಾಗ್ಲಿಲ್ವಾ?" ಎಂದರು. ಒಳಗಿದ್ದ ನನಗೆ ಅವರು ಕಾಣುತ್ತಿರಲಿಲ್ಲ. ಬಟಾಣಿ ಸುಲಿಯುವ ಸದ್ದು, ನಡುವೆ ಒಂದು ಕೆಮ್ಮು, "ಗಂಜಿ ಕುಡುದ್ಯಾ?" ಎನ್ನುವ ದನಿ. ಅಷ್ಟೇ ನನಗೆ ದೊಡ್ಡ ಆಸರೆಯಾಗಿತ್ತು.

ಕೆಲವು ದಿನ ಕಳೆಯುವಷ್ಟರಲ್ಲಿ ಮಂಚದಿಂದ ಬಚ್ಚಲಿಗೆ ಹೋಗಿಬಂದರೆ ಬೆಟ್ಟ ಹತ್ತಿದಂತಾಗತೊಡಗಿತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಕಾಯಬೇಕು ಎಂದರು. ಗಂಡ ಕಾಯಲಿಲ್ಲ. ಹಾಲಿನ ವ್ಯಾನು ತಂದು ಮನೆ ಮುಂದೆ ನಿಲ್ಲಿಸಿದರು. ಹಿಂದೆ ಖಾಲಿ ಕ್ಯಾನುಗಳ ನಡುವೆ ಚಾಪೆ ಹಾಸಿ ನನ್ನನ್ನು ಒರಗಿಸಿದರು. ಹಾಸನದವರೆಗೂ ಕ್ಯಾನುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಪ್ರತಿ ಉಬ್ಬಿನಲ್ಲೂ ಗಂಡ ಮುಂದಿನಿಂದ "ಸುಮೀ" ಎಂದು ಕೂಗುತ್ತಿದ್ದರು. ಉತ್ತರ ಕೊಡಲು ಉಸಿರಿರಲಿಲ್ಲ. ಕ್ಯಾನನ್ನು ಕೈಯಿಂದ ತಟ್ಟುತ್ತಿದ್ದೆ. ತಟ್ಟಿದ ಸದ್ದು ಕೇಳಿದ ಮೇಲೆಯೇ ಅವರು ಮುಂದಕ್ಕೆ ಓಡಿಸುತ್ತಿದ್ದುದು.

ಆಸ್ಪತ್ರೆಯ ಮುಂದೆ ಶಾಮಿಯಾನದ ಕೆಳಗೆ ಸಾಲಾಗಿ ಕುರ್ಚಿ ಹಾಕಿದ್ದರು. ಒಂದು ಬಿಟ್ಟು ಒಂದು ಕುರ್ಚಿಗೆ ಕೂರಬಾರದೆಂದು ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದಿದ್ದರು. ಖಾಲಿ ಇದ್ದದ್ದು ಕೆಂಪು ಗೆರೆಯ ಕುರ್ಚಿಗಳು ಮಾತ್ರ. ನಾನು ಕಂಬ ಹಿಡಿದು ನಿಂತೆ. ಹಣೆ ತುಂಬ ವಿಭೂತಿ ಹಚ್ಚಿದ್ದ ವಯಸ್ಸಾದ ಹೆಂಗಸೊಬ್ಬರು ಪಕ್ಕದ ಕೆಂಪು ಗೆರೆಯ ಕುರ್ಚಿಯನ್ನು ತಟ್ಟಿ ಕರೆದರು.

"ಬಾ ತಾಯಿ, ಕೂತ್ಕೊ. ಆ ಗೆರೆ ಎಳ್ದಿರೋದು ಕಾಯ್ಲೆ ಇಲ್ದೋರಿಗೆ. ನಮಗಿನ್ನೇನು ಅಂಟೋದು ಬಾಕಿ ಐತೆ?"

ಅವರೇ ಗೌರಮ್ಮ. ಊರು ಚನ್ನರಾಯಪಟ್ಟಣ, ಬಸ್ ಸ್ಟ್ಯಾಂಡಿನ ಹತ್ತಿರ ಬಳೆ ಅಂಗಡಿ. ಗಂಡ ತೀರಿಹೋದ ಮೇಲೆ ಅಂಗಡಿಯನ್ನು ತಾವೇ ನಡೆಸಿದವರು. ಜೊತೆಗೆ ಬಂದಿದ್ದ ಮಗಳು ನಿರ್ಮಲಾಳನ್ನು ಗೇಟಿನ ಆಚೆಯೇ ತಡೆದಿದ್ದರು. ಅವಳು ಕಂಬಿಗಳ ಸಂದಿಯಿಂದ ಅಮ್ಮನನ್ನೇ ನೋಡುತ್ತಿದ್ದಳು. ಗೌರಮ್ಮ ಕೈಯೆತ್ತಿ ಹೋಗು ಹೋಗು ಎಂದರೂ ಅವಳು ಕದಲಲಿಲ್ಲ.

ವಾರ್ಡಿನಲ್ಲಿ ನಮ್ಮಿಬ್ಬರಿಗೂ ಅಕ್ಕಪಕ್ಕದ ಮಂಚವೇ ಸಿಕ್ಕಿತು. ಅವರ ಗಟ್ಟಿತನ ನನಗೆ ಗೊತ್ತಾದದ್ದು ಮರುದಿನ. ಎದೆಯ ಸ್ಕ್ಯಾನಿಗೆ ಕರೆದೊಯ್ಯಲು ಬಂದ ಹುಡುಗ ಅವರ ಕೊರಳಿನ ಲಿಂಗದ ಕರಡಿಗೆ ತೋರಿಸಿ, "ಅಜ್ಜಿ, ಅದನ್ನ ತೆಗಿಬೇಕು. ಬೆಳ್ಳಿ ಇದ್ರೆ ಫೋಟೋ ಸರಿಯಾಗಿ ಬರಲ್ಲ" ಎಂದ.

"ಇದ್ನ ತೆಗೆದ್ರೆ ನಾನೇ ಇರಲ್ಲ ಕಣಪ್ಪ. ಆಮೇಲೆ ಫೋಟೋ ಯಾರ್ದು ತಗೀತೀಯ?"

ಕೊನೆಗೆ ಕರಡಿಗೆಯನ್ನು ಕೊರಳಿಂದ ಇಳಿಸಿ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅಂಗೈಯಲ್ಲಿ ಹಿಡಿದು, ಕೈಯನ್ನು ತಲೆಯ ಮೇಲಕ್ಕೆ ಚಾಚಿಕೊಂಡು ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಬಂದವರೇ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಆಮ್ಲಜನಕದ ಮಾಸ್ಕಿನೊಳಗೆ ನಕ್ಕರೆ ಎಷ್ಟು ಕೆಮ್ಮು ಬರುತ್ತದೆಂದು ನನಗೆ ಅವತ್ತು ಗೊತ್ತಾಯಿತು.

ಆ ಮಧ್ಯಾಹ್ನ ಒಬ್ಬ ಡಾಕ್ಟರು ಬಂದರು. ತಲೆಯಿಂದ ಕಾಲಿನವರೆಗೆ ಬಿಳಿ ದಿರಿಸು. ಎದೆಯ ಮೇಲೆ ಮಾರ್ಕರಿನಲ್ಲಿ 'ಶ್ರುತಿ' ಎಂದು ಬರೆದುಕೊಂಡಿದ್ದರು. ಸ್ಟೂಲೆಳೆದು ನಮ್ಮ ಮಂಚಗಳ ನಡುವೆ ಕೂತರು. ಆ ವಾರ್ಡಿನಲ್ಲಿ ಕೂತು ಮಾತಾಡಿದ ಡಾಕ್ಟರನ್ನು ನಾನು ಕಂಡದ್ದು ಅದೇ ಮೊದಲು. ಉಳಿದವರಿಗೆ ಕೂರಲು ಪುರುಸೊತ್ತಾದರೂ ಎಲ್ಲಿತ್ತು?

ಆಗ ಒಂದು ಇಂಜೆಕ್ಷನ್ನಿಗಾಗಿ ಊರೂರೇ ಓಡಾಡುತ್ತಿತ್ತು. ಅದರ ಹೆಸರು ಬರೆಯುವುದಿಲ್ಲ. ಅದು ಸಿಕ್ಕಿದವರು ಉಳಿದರಂತೆ, ಸಿಗದವರು ಹೋದರಂತೆ ಎಂಬ ಮಾತು ಪ್ರತಿ ಫೋನಿನಲ್ಲೂ ಇತ್ತು. ಅದೇ ಇಂಜೆಕ್ಷನ್ನಿನ ವಿಷಯ ಡಾಕ್ಟರು ಎತ್ತಿದರು. ಅದರ ಬಗ್ಗೆ ಒಂದು ಅಧ್ಯಯನ ನಡೆಯುತ್ತಿದೆ. ಒಪ್ಪಿದವರನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತದೆ. ಒಂದು ಗುಂಪಿಗೆ ಇಂಜೆಕ್ಷನ್ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ. ಉಳಿದ ಔಷಧಿ, ಆಮ್ಲಜನಕ, ಆರೈಕೆ ಎಲ್ಲ ಎರಡೂ ಗುಂಪಿಗೆ ಒಂದೇ. ಯಾರಿಗೆ ಯಾವ ಗುಂಪು ಎನ್ನುವುದು ಅವರ ಕೈಯಲ್ಲೂ ಇಲ್ಲ, ನಮ್ಮ ಕೈಯಲ್ಲೂ ಇಲ್ಲ. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು.

"ಅದು ಕೆಲಸ ಮಾಡುತ್ತೋ ಇಲ್ವೋ ಹೇಳಿ ಮೊದ್ಲು" ಎಂದೆ.

"ಗೊತ್ತಿಲ್ಲ."

"ನಿಮಗೇ ಗೊತ್ತಿಲ್ವಾ?"

"ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲಮ್ಮ. ಗೊತ್ತಿದೆ ಅಂತ ಎಲ್ಲರೂ ಹೇಳ್ತಿದ್ದಾರೆ. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಆ ಉತ್ತರ ನನ್ನನ್ನು ಹಿಡಿದು ನಿಲ್ಲಿಸಿತು. ಕಾಯಿಲೆ ಶುರುವಾದ ದಿನದಿಂದ ನನ್ನ ಸುತ್ತ ಗೊತ್ತಿಲ್ಲ ಎಂದವರು ಒಬ್ಬರೂ ಇರಲಿಲ್ಲ. ಹಬೆ ತೆಗೆದುಕೊಳ್ಳಿ ಎಂದವರಿಗೆ ಗೊತ್ತಿತ್ತು. ಕಷಾಯದವರಿಗೆ ಗೊತ್ತಿತ್ತು. ಬೋರಲು ಮಲಗಿದರೆ ಸಾಕು, ಇಂಜೆಕ್ಷನ್ ಹಾಕಿಸಿದರೆ ಸಾಕು, ಆಸ್ಪತ್ರೆಗೆ ಹೋಗದಿದ್ದರೆ ಸಾಕು, ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಈ ಹುಡುಗಿ ಅಷ್ಟು ಓದಿಕೊಂಡು ಬಂದು, ಬೆವರು ಇಳಿಯುತ್ತಿರುವ ಕನ್ನಡಕದ ಹಿಂದಿನಿಂದ ನೇರ ನೋಡಿ, ಗೊತ್ತಿಲ್ಲ ಎನ್ನುತ್ತಿದ್ದಾಳೆ.

ನಾನು ಒಪ್ಪುವ ಮೊದಲೇ ಪಕ್ಕದ ಮಂಚದಿಂದ ಗೌರಮ್ಮ ಕೈಯೆತ್ತಿದರು. "ನನ್ನ ಬರ್ಕೊಳಮ್ಮ. ಈ ವಯಸ್ಸಲ್ಲಿ ನನ್ನನ್ನ ಇನ್ಯಾರು ಏನು ಕೇಳ್ತಾರೆ? ಅಂಗಡೀಲಿ ಕೂಡ ಮಗಳನ್ನೇ ಕೇಳೋದು."

ಡಾಕ್ಟರು ನಿರ್ಮಲಾಗೂ ಫೋನಿನಲ್ಲಿ ಎಲ್ಲ ವಿವರಿಸಿದರು. ಅವಳು ಅತ್ತಳು, ಬೇಡವೆಂದಳು. ಆಮೇಲೆ ಗೌರಮ್ಮನೇ ಫೋನು ಇಸಿದುಕೊಂಡು, "ಮಲಗಿರೋಳು ನಾನು, ನೀನಲ್ಲ" ಎಂದ ಮೇಲೆ ಸುಮ್ಮನಾದಳು. ನಾನೂ ಸಹಿ ಹಾಕಿದೆ.

ಚೀಟಿ ಎತ್ತಿದಂತೆ ಫಲಿತಾಂಶ ಬಂತು. ಗೌರಮ್ಮನಿಗೆ ಇಂಜೆಕ್ಷನ್. ನನಗೆ ಇಲ್ಲ.

ಅದನ್ನು ಕೇಳಿದಾಗ ನನಗೇನೂ ಅನ್ನಿಸಲಿಲ್ಲ ಎಂದರೆ ಸುಳ್ಳು. ಅವರ ಮಂಚದ ಪಕ್ಕ ಬಾಟಲಿ ತೂಗುಹಾಕುತ್ತಿದ್ದಾಗ ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನಿಂದ ದನಿ ಬಂತು.

"ಕಂಡಕ್ಟ್ರಮ್ಮ, ಸೀಟು ನನಗೆ ಸಿಕ್ತು ಅಂತ ಮುನಿಸ್ಕೋಬೇಡ. ನಿಂತ್ಕಂಡು ಬಂದೋರೂ ಊರು ಸೇರ್ತಾರೆ."

ಮನೆಗೆ ವಿಷಯ ತಿಳಿಸಿದೆ. ಅದೇ ಸಂಜೆ ಗಂಡನ ಅಣ್ಣ, ನನ್ನ ಭಾವ ರಾಮೇಗೌಡರ ಫೋನು ಬಂತು. ಭಾವ ಇರುವುದು ಅರಕಲಗೂಡಿನಲ್ಲಿ. ಶುಂಠಿ, ಹೊಗೆಸೊಪ್ಪು ಬೆಳೆಯುತ್ತಾರೆ, ಒಮ್ಮೆ ಪಂಚಾಯಿತಿ ಮೆಂಬರಾಗಿದ್ದವರು. ಯಾವ ಆಫೀಸಿಗೆ ಹೋದರೂ ಒಂದು ಕುರ್ಚಿ ಕೊಡಿಸಿಕೊಳ್ಳುವ ಮನುಷ್ಯ. ನನ್ನ ಮೇಲೆ ಅವರಿಗೆ ನಿಜವಾದ ಅಕ್ಕರೆ. ನಾನು ಕೆಲಸಕ್ಕೆ ಸೇರುವಾಗ ನಮ್ಮ ಮನೆಯಲ್ಲಿ ನನ್ನ ಪರ ನಿಂತವರು ಅವರೊಬ್ಬರೇ. ಅದಕ್ಕೇ ಅವರಿಗೆ ಇಲ್ಲವೆನ್ನುವುದು ಕಷ್ಟವಾಗಿತ್ತು.

"ಏನವ್ವ ಸುಮಿತ್ರ, ನಿನ್ಗೇನು ತಲೆ ಕೆಟ್ಟಿದ್ದಾ? ಆ ಇಂಜೆಕ್ಷನ್ನಿಗೆ ಜನ ಬಾಯ್ಬಾಯ್ ಬಡ್ಕೋತಾವ್ರೆ. ನೀನು ನೋಡಿದ್ರೆ ಕೊಡದೆ ಇರೋ ಗುಂಪಿಗೆ ಓಗಿ ಸೇರ್ಕಂಡಿದ್ದೀಯ!"

"ಸೇರ್ಕಂಡಿಲ್ಲ ಭಾವ, ಬಂದಿದ್ದು ಅಂಗೆ."

"ನಿನ್ನ ಇಲಿ ಮಾಡ್ಕಂಡವ್ರೆ ಕಣವ್ವ, ಇಲಿ!"

"ಇಲೀನ ಯಾರೂ ಕೇಳಲ್ಲ ಭಾವ. ನನ್ನ ಕೇಳವ್ರೆ. ನಾನು ಒಪ್ಕಂಡಿವ್ನಿ."

ಆ ಕಡೆಯಿಂದ ಫೋನು ಕಟ್ಟಾಯಿತು. ಭಾವ ಸುಮ್ಮನಿರುವವರಲ್ಲ. ಯಾರ್ಯಾರನ್ನು ಹಿಡಿದರೋ, ಇಂಜೆಕ್ಷನ್ ಸಂಪಾದಿಸಿ ಐಸಿನ ಡಬ್ಬದಲ್ಲಿಟ್ಟುಕೊಂಡು ಮರುದಿನ ಆಸ್ಪತ್ರೆಯ ಗೇಟಿಗೆ ಬಂದರು. ಜೊತೆಗೆ ನನ್ನ ಗಂಡ. ಒಳಗೆ ಬಿಡುವಂತಿಲ್ಲವಾದ್ದರಿಂದ ಮತ್ತೆ ಫೋನಿನಲ್ಲೇ ಮಾತು.

ಅದು ನನ್ನ ಕಾಯಿಲೆಯ ಅತ್ಯಂತ ಕೆಟ್ಟ ದಿನ. ಬೆಳಿಗ್ಗೆಯಿಂದ ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿ ಇಳಿಯುತ್ತಲೇ ಇತ್ತು. ಸಿಸ್ಟರು ಬಂದು ಮಾಸ್ಕು ಬದಲಾಯಿಸಿದ್ದರು. ಒಂದು ವಾಕ್ಯ ಮುಗಿಸಲು ಮೂರು ನಾಲ್ಕು ಕಡೆ ನಿಲ್ಲಬೇಕಾಗಿತ್ತು.

ಫೋನಿನಲ್ಲಿ ಗಂಡ ಅಳುತ್ತಿದ್ದರು. "ಸುಮೀ, ಅಣ್ಣ ತಂದವ್ನೆ ಕಣೆ. ಗೇಟಲ್ಲೇ ನಿಂತಿವ್ನಿ. ಊಂ ಅನ್ನು ಸಾಕು. ಮಿಕ್ಕಿದ್ದು ಅವ್ನು ನೋಡ್ಕೋತಾನೆ."

ಹೆದರಿಕೆಯಾಗಿತ್ತು. ಸಾಯುವುದಕ್ಕಿಂತ ಹೆಚ್ಚಾಗಿ, ಸತ್ತರೆ ಈ ಮನುಷ್ಯ ಜೀವಮಾನವಿಡೀ ಗೇಟಿನಲ್ಲೇ ನಿಂತಿರುತ್ತಾರಲ್ಲ ಎಂಬ ಹೆದರಿಕೆ. ಡಾಕ್ಟರ್ ಶ್ರುತಿಯನ್ನು ಕರೆಸಿದೆ. ಇರುವುದನ್ನು ಇದ್ದಂತೆ ಹೇಳಿದೆ. ಅವರು ಗದರಲಿಲ್ಲ.

"ನೀವು ಅಧ್ಯಯನದಿಂದ ಹೊರಗೆ ಬರಬಹುದು ಸುಮಿತ್ರಾ. ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಆರೈಕೇಲಿ ಏನೂ ಕಡಿಮೆಯಾಗಲ್ಲ. ನಿಜವಾಗ್ಲೂ ಹೇಳ್ತಿದ್ದೀನಿ. ಹೊರಗಿಂದ ತಂದಿರೋದು ಅಸಲಿಯೋ ನಕಲಿಯೋ ನನಗೆ ಗೊತ್ತಿಲ್ಲ, ಅದನ್ನ ನಾನು ಹಾಕಕ್ಕಾಗಲ್ಲ. ಆದ್ರೆ ಇಂಜೆಕ್ಷನ್ ಬೇಕು ಅಂದ್ರೆ ನಮ್ಮ ದೊಡ್ಡ ಡಾಕ್ಟರ ಹತ್ರ ಮಾತಾಡ್ತೀನಿ."

"ನಿಮ್ಮ ತಾಯಿ ಆಗಿದ್ದಿದ್ರೆ?" ಎಂದು ಕೇಳಿದೆ.

ಅವರು ಸ್ಟೂಲನ್ನು ನನ್ನ ಮಂಚದ ಹತ್ತಿರಕ್ಕೆ ಎಳೆದುಕೊಂಡರು. "ನಮ್ಮಮ್ಮ ಹೋದ ತಿಂಗಳು ಇದೇ ಅಧ್ಯಯನಕ್ಕೆ ಸೇರಿದ್ರು. ನಿಮ್ಮ ಗುಂಪೇ" ಎಂದರು. ತಾಯಿ ಏನಾದರು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ನಾನು ಅಧ್ಯಯನದಲ್ಲಿ ಉಳಿದದ್ದು ತ್ಯಾಗದಿಂದಲ್ಲ. ಆಮೇಲೆ ಕೆಲವರು ನನ್ನನ್ನು ದೊಡ್ಡ ಮನಸ್ಸಿನವಳು ಎಂದಿದ್ದಾರೆ. ನನ್ನದು ಹಟ. ಕಾಯಿಲೆ ಬಂದ ದಿನದಿಂದ ನನ್ನ ಮೈಯ ಬಗ್ಗೆ ಎಲ್ಲರೂ ತೀರ್ಮಾನ ಮಾಡಿದ್ದರು. ಕಿಟಕಿ ಮುಚ್ಚಿದವರು, ಔಷಧಿ ಹೇಳಿದವರು, ಗೇಟಿನಲ್ಲಿ ನಿಂತವರು. ಈ ಒಂದು ಸಂಗತಿಯನ್ನು ಮಾತ್ರ ನನ್ನನ್ನು ಕೇಳಿ ಮಾಡಿದ್ದರು. ಅದನ್ನು ನಾನು ಬಿಟ್ಟುಕೊಡಲು ತಯಾರಿರಲಿಲ್ಲ. ಇನ್ನೊಂದು ಯೋಚನೆಯೂ ಇತ್ತು. ಹೆದರಿದವರೆಲ್ಲ ನಡುವೆ ಇಳಿದು ಹೋದರೆ ಆ ಡಾಕ್ಟರಿಗೆ ಉತ್ತರ ಎಲ್ಲಿಂದ ಸಿಗಬೇಕು? ನಾಳೆ ಹೊಳೆನರಸೀಪುರದ ಇನ್ನೊಬ್ಬ ಮಂಜುನಾಥ ಇದೇ ಗೇಟಿನಲ್ಲಿ ಇದೇ ಡಬ್ಬ ಹಿಡಿದು ಅಳುತ್ತಾನೆ.

ಗಂಡನಿಗೆ ಫೋನು ಮಾಡಿದೆ. "ಬ್ಯಾಡ" ಎಂದೆ. ಅಷ್ಟಕ್ಕೆ ಮಾತ್ರ ಉಸಿರಿತ್ತು.

ಗೌರಮ್ಮ ಕೈ ಚಾಚಿ ನನ್ನ ಮಂಚದ ಅಂಚು ಹಿಡಿದರು. ಅವರ ಕೈಯಲ್ಲಿ ಹಸಿರು ಗಾಜಿನ ಬಳೆಗಳು. ಗಂಡ ಸತ್ತ ಮೇಲೆ ಬಳೆ ಹಾಕಿಕೊಂಡದ್ದಕ್ಕೆ ನೆಂಟರು ಆಡಿಕೊಂಡಾಗ, "ಬಳೆ ಅಂಗಡಿಯೋಳು ಬರಿಗೈಲಿ ಕೂತ್ರೆ ವ್ಯಾಪಾರ ಯಾರು ಮಾಡ್ತಾರೆ?" ಎಂದಿದ್ದರಂತೆ. ಆ ಕಥೆ ಹೇಳಿ ನನ್ನನ್ನು ಬೋರಲು ಮಲಗಿಸಿದರು. ಉಸಿರು ಎಣಿಸಬೇಡ, ನನ್ನ ಮಾತು ಕೇಳು ಎಂದರು. ಮದುವೆಯ ಕಾಲದಲ್ಲಿ ಬಳೆ ತೊಡಿಸಲು ಶಾಂತಿಗ್ರಾಮದ ಮನೆಮನೆಗೆ ಹೋಗುತ್ತಿದ್ದುದು, ಕೈ ಬಿಗಿ ಹಿಡಿದ ಹುಡುಗಿಯರನ್ನು ನಗಿಸಿ ಬೆರಳು ಸಡಿಲ ಮಾಡಿಸುತ್ತಿದ್ದುದು. ಹೇಳುತ್ತಾ ಹೇಳುತ್ತಾ ಅವರಿಗೂ ಏದುಸಿರು ಬರುತ್ತಿತ್ತು. ನಿಲ್ಲಿಸಲಿಲ್ಲ.

ಎರಡು ದಿನಕ್ಕೆ ನನ್ನ ಅಂಕಿ ಇಳಿಯುವುದು ನಿಂತಿತು. ಮೆಲ್ಲಗೆ ಏರತೊಡಗಿತು. ಅವರದ್ದು ಇಳಿಯತೊಡಗಿತು.

ಗೌರಮ್ಮನನ್ನು ಐಸಿಯುಗೆ ಕರೆದೊಯ್ದದ್ದು ಬೆಳಗಿನ ಕಾಫಿಯ ಹೊತ್ತಿನಲ್ಲಿ. ಸ್ಟ್ರೆಚರ್ ತಳ್ಳುವಾಗ ನನ್ನ ಕಡೆ ನೋಡಿ ಏನೋ ಹೇಳಿದರು, ಮಾಸ್ಕಿನೊಳಗೆ ಕೇಳಿಸಲಿಲ್ಲ. "ಏನಂದ್ರಿ?" ಎಂದು ಕೂಗಿದೆ. ಅವರು ಕೈ ಆಡಿಸಿದರು, ಆಮೇಲೆ ಹೇಳುತ್ತೇನೆ ಎಂಬಂತೆ. ಅವರು ಮತ್ತೆ ಬರಲಿಲ್ಲ. ನಾನು ಡಿಸ್ಚಾರ್ಜ್ ಆಗುವ ಮುಂಚಿನ ದಿನ ಸಿಸ್ಟರು ಬಂದು ನನ್ನ ಕೈ ಹಿಡಿದುಕೊಂಡರು. ಹೇಳುವ ಅಗತ್ಯವೇ ಬೀಳಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಬಾಗಿಲಾಚೆ ಕೂರಲಿಲ್ಲ. ಒಳಗೆ ಬಂದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಂಟುಗಟ್ಟಿದ್ದ ಕೂದಲನ್ನು ಎಣ್ಣೆ ಹಚ್ಚಿ ಒಂದೊಂದೇ ಎಳೆ ಬಿಡಿಸಿದರು. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ.

ಭಾವನೂ ಬಂದರು. ನಾನು ಬದುಕಿದ್ದಕ್ಕೆ ಅವರಿಗೆ ಸಂತೋಷ, ಆದರೆ ತಮ್ಮ ಮಾತು ಮೀರಿ ಬದುಕಿದ್ದಕ್ಕೆ ಸ್ವಲ್ಪ ಅಸಮಾಧಾನ. ತಂದಿದ್ದ ಇಂಜೆಕ್ಷನ್ನನ್ನು ಅರಕಲಗೂಡಿನ ತಮ್ಮ ಗೆಳೆಯನಿಗೆ ಕೊಡಿಸಿದ್ದರು. ಗೆಳೆಯ ಉಳಿದಿದ್ದ.

"ನೋಡು, ಅವ್ನು ಎದ್ದು ಕೂತವ್ನೆ. ಇಂಜೆಕ್ಷನ್ ಮಹಿಮೆ."

"ನಾನೂ ಎದ್ದು ಕೂತಿವ್ನಲ್ಲ ಭಾವ. ನಂದು ಯಾವ ಮಹಿಮೆ?"

"ನಿಂದು ಅದೃಷ್ಟ."

"ಮತ್ತೆ ಗೌರಮ್ಮಂದು? ಅವ್ರಿಗೆ ಇಂಜೆಕ್ಷನ್ ಕೊಟ್ಟಿದ್ರು."

ಭಾವ ತಡವರಿಸಲಿಲ್ಲ. "ಅದೇ ಕಣವ್ವ, ಅವ್ರಿಗೆ ಪ್ರಯೋಗ ಮಾಡಿ ಸಾಯ್ಸವ್ರೆ."

ಒಂದೇ ಔಷಧಿ, ಗೆಳೆಯನಿಗೆ ಕೊಟ್ಟರೆ ಮಹಿಮೆ, ಗೌರಮ್ಮನಿಗೆ ಕೊಟ್ಟರೆ ಪ್ರಯೋಗ. ವಾದ ಮಾಡಲು ನನ್ನ ಪುಪ್ಪುಸದಲ್ಲಿ ಆಗ ಗಾಳಿ ಸಾಲುತ್ತಿರಲಿಲ್ಲ. ಆ ಮಾತು ಮಾತ್ರ ಮುಳ್ಳಿನಂತೆ ಒಳಗೆ ಕೂತಿತು.

ಬಸ್ಸುಗಳು ಮತ್ತೆ ಓಡತೊಡಗಿದವು. ಡಿಪೋದವರು ನನಗೆ ಕೆಲವು ತಿಂಗಳು ಆಫೀಸಿನಲ್ಲೇ ಕೆಲಸ ಕೊಟ್ಟರು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕಾಗಿತ್ತು. ಕೂದಲು ಉದುರಿತು. ಒಗ್ಗರಣೆಯ ವಾಸನೆಯೇ ತಿಳಿಯುತ್ತಿರಲಿಲ್ಲ. ಹಾಸನದಲ್ಲಿ ಒಬ್ಬ ಡಾಕ್ಟರು ಎಕ್ಸ್‌ರೇ ನೋಡಿ, "ಎಲ್ಲ ಸರಿ ಇದೆಯಲ್ಲ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ, ಅಷ್ಟೇ" ಎಂದರು. "ಮೆಟ್ಟಿಲು ಹತ್ತೋದು ಮನಸ್ಸಿಂದಲ್ಲ ಡಾಕ್ಟ್ರೇ, ಕಾಲಿಂದ" ಎಂದು ಎದ್ದು ಬಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಪಕ್ಕದಲ್ಲಿ ಬೂವನಹಳ್ಳಿಯ ರೈತರೊಬ್ಬರು ಅದೇ ಥರ ಏದುಸಿರು ಬಿಡುತ್ತಾ ಕೂತಿದ್ದರು. "ನಿಮ್ಗೂ ಮನಸ್ಸಾ?" ಎಂದರು. ಇಬ್ಬರೂ ಉಸಿರು ಕಟ್ಟುವಷ್ಟು ನಕ್ಕೆವು. ನನ್ನಂಥವರು ಇನ್ನೂ ಇದ್ದಾರೆ ಎಂದು ತಿಳಿದದ್ದೇ ಆ ವರ್ಷ ನನಗೆ ಸಿಕ್ಕ ಒಳ್ಳೆಯ ಔಷಧಿ.

ಮತ್ತೆ ಬಸ್ಸು ಹತ್ತಿದ ಮೊದಲ ವಾರ ಅರಕಲಗೂಡಿನ ದಾರಿಯಲ್ಲಿ ಅದೇ ಮಾತು ಕಿವಿಗೆ ಬಿತ್ತು. ಮುಂದಿನ ಸೀಟಿನ ಒಬ್ಬಾತ ಪಕ್ಕದವನಿಗೆ ಜೋರಾಗಿ ಹೇಳುತ್ತಿದ್ದ.

"ಹಾಸ್ನದಲ್ಲಿ ಬಡಬಗ್ಗರ ಮ್ಯಾಲೆ ಪ್ರಯೋಗ ಮಾಡವ್ರೆ ಕಣ್ಲಾ. ಚನ್ನರಾಯಪಟ್ನದ ಯಾವ್ದೋ ಮುದುಕೀನ ಅಂಗೇ ಮುಗಿಸಿದ್ರಂತೆ. ಪಾಪ, ಏನೂ ಗೊತ್ತಿರ್ನಿಲ್ವಂತೆ."

ನಿಲ್ಲಿಸು ಎಂದು ಒಂದು ಸೀಟಿ ಊದಿದೆ. ಬಸ್ಸು ನಿಂತಿತು. ತಿಮ್ಮಣ್ಣ ಕನ್ನಡಿಯಲ್ಲಿ ನೋಡಿದ. ಎಲ್ಲರೂ ನೋಡಿದರು.

"ಆ ಮುದುಕಿ ಪಕ್ಕದ ಮಂಚದಲ್ಲಿ ಮಲಗಿದ್ದೋಳು ನಾನು" ಎಂದೆ. "ಏನೂ ಗೊತ್ತಿರ್ಲಿಲ್ಲ ಅನ್ಬೇಡಿ. ಎಲ್ಲ ಕೇಳಿ, ತಿಳ್ಕಂಡು, ನನಗಿಂತ ಮುಂಚೆ ಕೈ ಎತ್ತಿದ್ದು ಅವ್ರು. ನನ್ನೂ ಕೇಳಿದ್ರು, ನಾನೂ ಒಪ್ಕಂಡೆ. ಔಷಧಿ ಒಳ್ಳೇದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ಈಗ್ಲೇ ಹೇಳಿ, ಡಾಕ್ಟ್ರಿಗೆ ಫೋನ್ ಮಾಡ್ತೀನಿ, ಪಾಪ ಅವ್ರೂ ಕಾಯ್ತಾವ್ರೆ."

ಒಂದೇ ಉಸಿರಿನಲ್ಲಿ ಅಷ್ಟು ಹೇಳಿ ಸೀಟಿನ ಕಂಬಿ ಹಿಡಿದು ಬಗ್ಗಿದೆ. ಕಣ್ಣಿಗೆ ಕತ್ತಲೆ ಕವಿಯಿತು. ಆ ಮನುಷ್ಯನೇ ಎದ್ದು ಜಾಗ ಬಿಟ್ಟ. "ಕೂತ್ಕಳವ್ವ, ಕೂತ್ಕ. ನಾನು ಯಾರೋ ಹೇಳಿದ್ದ ಹೇಳ್ದೆ" ಎಂದ. ಕೂತೆ. ಉಳಿದವರ ಟಿಕೆಟ್ಟಿನ ದುಡ್ಡನ್ನು ಪ್ರಯಾಣಿಕರೇ ಕೈಯಿಂದ ಕೈಗೆ ದಾಟಿಸಿ ನನ್ನ ಹತ್ತಿರ ತಂದರು.

ಉತ್ತರ ಬರಲು ಬಹಳ ಕಾಲ ಹಿಡಿಯಿತು. ಅಧ್ಯಯನದಲ್ಲಿದ್ದವರನ್ನು ಆಗಾಗ ಕರೆದು ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆಸಿ ಉಸಿರು ನೋಡುತ್ತಿದ್ದರು. ಅಂಥ ಒಂದು ಭೇಟಿಯಲ್ಲಿ ಡಾಕ್ಟರ್ ಶ್ರುತಿ ನನ್ನನ್ನು ಕೂರಿಸಿ ಹೇಳಿದರು. ಮುಖ ಮುಚ್ಚುವ ದಿರಿಸಿಲ್ಲದೆ ಅವರನ್ನು ಸರಿಯಾಗಿ ನೋಡಿದ್ದು ಅವತ್ತೇ. ಕೆನ್ನೆಯ ಮೇಲೆ ಮಚ್ಚೆಯಿತ್ತು.

ಹಲವು ಊರುಗಳ ಹಲವು ಆಸ್ಪತ್ರೆಗಳ ಲೆಕ್ಕ ಒಟ್ಟು ಸೇರಿಸಿ ನೋಡಿದ್ದಾರೆ. ನಮ್ಮಂಥ ರೋಗಿಗಳಲ್ಲಿ ಇಂಜೆಕ್ಷನ್ ಪಡೆದವರಿಗೂ ಪಡೆಯದವರಿಗೂ ಸಾವು ಬದುಕಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅದು ಉಳಿಸಲೂ ಇಲ್ಲ, ಕೊಲ್ಲಲೂ ಇಲ್ಲ.

"ಅಷ್ಟೇನಾ?" ಎಂದೆ. ಅಷ್ಟು ಅಳು, ಅಷ್ಟು ಓಟ, ಗೇಟು, ಐಸಿನ ಡಬ್ಬ, ಎಲ್ಲ ಕಣ್ಣ ಮುಂದೆ ಬಂತು.

"ಅಷ್ಟೇ" ಎಂದರು ಅವರು. "ಅಷ್ಟನ್ನ ಹೇಳೋ ಧೈರ್ಯ ಯಾರಿಗೂ ಇರ್ಲಿಲ್ಲ. ಇನ್ನು ಮೇಲೆ ನನ್ನ ವಾರ್ಡಿನಲ್ಲಿ ಯಾರ ಮನೆಯವರನ್ನೂ ಅದಕ್ಕೋಸ್ಕರ ಓಡಿಸಲ್ಲ."

ಭಾವನಿಗೆ ಫೋನಿನಲ್ಲಿ ಹೇಳಿದೆ. "ಅವ್ರು ಏನಾರ ಹೇಳ್ಕಳ್ಲಿ ಬುಡವ್ವ. ನಿನ್ಗೆ ಕೊಟ್ಟಿದ್ರೆ ಇನ್ನೂ ಬೇಗ ಏಳ್ತಿದ್ದೆ" ಎಂದರು. ಇವತ್ತಿಗೂ ಅದನ್ನೇ ಹೇಳುತ್ತಾರೆ. ಅವರನ್ನು ಬದಲಾಯಿಸುವ ಆಸೆ ಬಿಟ್ಟಿದ್ದೇನೆ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆಯವರು.

ರಜೆಯ ದಿನ ಚನ್ನರಾಯಪಟ್ಟಣಕ್ಕೆ ಹೋದೆ. ಬಳೆ ಅಂಗಡಿಯಲ್ಲಿ ನಿರ್ಮಲಾ ಒಬ್ಬಳೇ ಇದ್ದಳು. ಗೇಟಿನ ಕಂಬಿಯ ಸಂದಿಯಿಂದ ಕಂಡಿದ್ದ ಅದೇ ಮುಖ. ನಾನು ಯಾರೆಂದು ಹೇಳಿದಾಗ ಸ್ಟೂಲು ಕೊಟ್ಟಳು, ಆದರೆ ಮುಖ ಬಿಗಿಯಾಯಿತು.

"ನೀವು ಬದುಕಿದ್ರಿ. ನಿಮಗೆ ಬಂದು ಹೇಳೋದು ಸುಲಭ" ಎಂದಳು.

ಎದ್ದು ಹೋಗದೆ ಕೂತೆ. ಒಬ್ಬರು ಬಂದು ಬಳೆ ಕೊಂಡು ಹೋದರು. ಆಮೇಲೆ ಅವಳೇ ಮಾತಾಡಿದಳು. ಅಂದು ಫೋನಿನಲ್ಲಿ ತಾನು ಇನ್ನೂ ಗಟ್ಟಿಯಾಗಿ ಬೇಡವೆನ್ನಬೇಕಿತ್ತು, ಸುಮ್ಮನಾದದ್ದರಿಂದಲೇ ಅಮ್ಮ ಹೋದರು ಎಂದು ಅಷ್ಟೂ ಕಾಲ ಅಂದುಕೊಂಡಿದ್ದಳು. ನೆಂಟರೂ ಹಾಗೇ ಆಡಿಕೊಂಡಿದ್ದರು. ಡಾಕ್ಟರು ನನಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಅವಳಿಗೆ ಹೇಳಿದೆ. "ಆ ಇಂಜೆಕ್ಷನ್ ಅಮ್ಮನ್ನ ಕೊಲ್ಲಲಿಲ್ಲ ನಿರ್ಮಲಾ. ಬೇಕಾದ್ರೆ ಈಗ್ಲೇ ಡಾಕ್ಟರ ಹತ್ರ ನೀನೇ ಕೇಳು."

ಕೇಳಿದಳು. ನನ್ನ ಫೋನಿನಿಂದಲೇ. ಬಹಳ ಹೊತ್ತು ಕೇಳಿದಳು, ನಡುವೆ ಜಗಳವನ್ನೂ ಆಡಿದಳು. ಫೋನು ಇಟ್ಟ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಈ ಅಧ್ಯಯನದ ಬಗ್ಗೆ ಅದೇನೋ ಪೇಪರ್ ಬರೆದಿದ್ದಾರಂತಲ್ಲ, ಅದರಲ್ಲಿ ನಮ್ಮಮ್ಮನ ಹೆಸರು ಇದೆಯಾ?"

"ಹೆಸರು ಹಾಕಲ್ವಂತೆ. ಯಾರದ್ದೂ ಹಾಕಲ್ಲ. ಗುಟ್ಟಾಗಿಡಬೇಕು ಅನ್ನೋದು ನಿಯಮ. ಲೆಕ್ಕದಲ್ಲಿ ಒಬ್ಬರಾಗಿ ಇದ್ದಾರೆ."

"ಲೆಕ್ಕದಲ್ಲಿ" ಎಂದು ಅವಳು ಹೇಳಿದ ರೀತಿ ನನಗೆ ತಾಗಿತು. "ಜೀವ ಹೋಗ್ತಿದ್ದಾಗ ಕೈ ಎತ್ತಿದ್ರು. ಆಡಿಕೊಳ್ಳೋರ ಬಾಯಲ್ಲಿ ಮಾತ್ರ ನಮ್ಮಮ್ಮನ ಹೆಸರಿದೆ. ಒಳ್ಳೆ ಕಡೆ ಎಲ್ಲೂ ಇಲ್ಲ."

ನಿಯಮ ಸರಿಯಾದದ್ದೇ, ನನಗೆ ಗೊತ್ತು. ಆದರೆ ಆ ನಿಯಮ ಡಾಕ್ಟರಿಗೆ, ನನಗಲ್ಲ. "ನಾನು ಬರೀತೀನಿ. ಬರೀಲಾ?" ಎಂದು ಕೇಳಿದೆ. ಅವಳು ಹೊರಗೆ ಹರಡಿದ್ದ ಬಳೆಗಳನ್ನು ಡಬ್ಬಕ್ಕೆ ಜೋಡಿಸಿಟ್ಟಳು. "ಬರೀರಿ. ಏನೂ ಗೊತ್ತಿಲ್ಲದ ಮುದುಕಿ ಅಂತ ಮಾತ್ರ ಬರೀಬೇಡಿ" ಎಂದಳು.

ಬರೆದಿದ್ದೇನೆ. ಅವರ ಹೆಸರು ಗೌರಮ್ಮ. ಚನ್ನರಾಯಪಟ್ಟಣದವರು. ಅವರನ್ನು ಕೇಳಿದರು, ಅವರು ಒಪ್ಪಿದರು.